ಸಂದಿಯ ಮುಳ್ಳು

ಅಕ್ಟೋಬರ್ 7, 2005, ಶುಕ್ರವಾರ. ಇಳಕಲ್.

ಭಾನುವಾರ ಬಾದಾಮಿ ಕಡೆಯ ಗುಡ್ಡಕ್ಕೆ ಗಾಡಿ ಹತ್ತಿಸುವುದೆಂದು ಗೊತ್ತಾಗಿದೆ. ನಾಲ್ಕು ಮೋಟಾರ್ ಸೈಕಲ್, ನಾಲ್ಕು ಜನ. ಗ್ಯಾರೇಜಿನ ಮಹಾಂತೇಶ, ಸೀರೆ ಅಂಗಡಿಯ ಮುತ್ತುರಾಜ, ಆ ಗುಡ್ಡದ ಹತ್ತಿರದ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿರುವ ಅಂದಾನಪ್ಪ, ಮತ್ತೆ ನಾನು. ಅವರು ಮೂವರೂ ಎರಡು ವರ್ಷದಿಂದ ಹೀಗೆ ಹೋಗುತ್ತಿದ್ದಾರೆ. ನನ್ನನ್ನು ಕರೆದದ್ದು ಇದೇ ಮೊದಲು. ಸಾಲಿಯಲ್ಲಿ ನಾಲ್ವರೂ ಒಂದೇ ವರ್ಗದಲ್ಲಿದ್ದವರು.

ಬ್ರೇಕ್ ಸರಿ ಮಾಡಿಸಲು ಸಂಜೆ ಗ್ಯಾರೇಜಿಗೆ ಹೋಗಿದ್ದೆ. ಮುತ್ತುರಾಜ ಅಲ್ಲೇ ಕುಳಿತಿದ್ದ.

"ಅಳತಿ ಮಾಸ್ತರ ಬರ್ತಾನಂತ ಖರೆ ಏನಲೇ ಮಹಾಂತ್ಯಾ? ಗುಡ್ಡದಾಗ ಲೈಬ್ರರಿ ಇಲ್ಲಂತ ಹೇಳೀ ಇಲ್ಲೋ?"

ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಹಲಗೆಗಳ ಉದ್ದ, ಅಗಲ ಅಳೆದು ಬರೆಯುವುದು ನನ್ನ ಕೆಲಸ. ಆ ಹೆಸರು ಬಂದದ್ದು ಹಾಗೆ. ನಾನು ನಕ್ಕೆ. ಖುಷಿಯಾಗಿತ್ತು ಎಂದೂ ಇಲ್ಲಿ ಬರೆದಿಡುತ್ತೇನೆ.

ಹೆಂಡತಿ ಮಹಾನಂದಾಗೆ ಹೇಳಿದಾಗ, "ಹೋಗ್ರಿ, ಒಂದ ದಿನಾ ಆದ್ರೂ ಮನಷ್ಯಾರ ಮಾರಿ ನೋಡಿ ಬರ್ರಿ" ಅಂದಳು. ಗ್ರಂಥಾಲಯದಿಂದ ತಂದ ಕಾದಂಬರಿ 112ನೇ ಪುಟದಲ್ಲಿದೆ. ಅನುವಾದ ಚೆನ್ನಾಗಿದೆ. ಒಂದು ಅನುಮಾನ ಮಾತ್ರ: ಅದರಲ್ಲಿ ಎಲ್ಲರೂ ಮಾತುಮಾತಿಗೆ ಭುಜ ಮೇಲೆತ್ತುತ್ತಾರೆ. ನಮ್ಮ ಕಡೆ ಉತ್ತರದ ಬದಲು ಭುಜ ಎತ್ತಿದವರನ್ನು ನಾನು ಈವರೆಗೆ ನೋಡಿಲ್ಲ.

ಅಕ್ಟೋಬರ್ 9, ಭಾನುವಾರ.

ಬೆಳಿಗ್ಗೆ ಏಳು ಗಂಟೆಗೆ ಹೊರಟು, ಹುನಗುಂದ, ಅಮೀನಗಡ ದಾಟಿ, ಗುಡ್ಡದ ಬುಡ ಮುಟ್ಟುವಾಗ ಒಂಬತ್ತೂ ಕಾಲು. ಅಂದಾನಪ್ಪ ಅಲ್ಲಿ ಬುಲೆಟ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಒಂದು ಗುಡಿಸಲು, ಒಂದು ಆಡಿನ ದಡ್ಡಿ, ಅದರಾಚೆ ಕರಿಹೊಲದಲ್ಲಿ ಗೇಣುದ್ದದ ಜೋಳ. ದಡ್ಡಿಯ ಒಡತಿ ಸಕ್ರವ್ವ ಐವತ್ತರ ಆಸುಪಾಸಿನ ಹೆಂಗಸು. ನಮ್ಮ ಸದ್ದಿಗೆ ಕೈಯಲ್ಲಿ ಕಸಬರಿಗೆ ಹಿಡಿದೇ ಹೊರಗೆ ಬಂದಳು.

"ಇಷ್ಟ ಸಪ್ಪಳಾ ಮಾಡ್ಕೋಂತ ಎಲ್ಲಿಗೆ ಹೊಂಟೀರಪಾ?"

"ಸ್ವರ್ಗಕ್ಕ, ಅವ್ವಾ. ಬರ್ತೀ ಏನು?" ಮುತ್ತುರಾಜ ಕೇಳಿದ.

"ನಿನ್ನ ಹಿಂದ ಕುಂತ್ರ ಸ್ವರ್ಗಾ ಭಾಳ ಲಗೂನ ಬರ್ತೈತಿ. ಒಲ್ಲೆ." ನಂತರ ನಗು ನಿಲ್ಲಿಸಿ ಹೇಳಿದಳು: "ಮ್ಯಾಲ ಎರಡ ಬಂಡೆಗಲ್ಲಿನ ನಡಕ ಸಂದಿ ಐತಿ. ಅದಕ್ಕ ಬಾರಿಮುಳ್ಳಿನ ಕಂಟಿ ಎಳದಿಟ್ಟೈತಿ. ಕಡೀಕ ಹೋಗಾಂವ ಅದನ್ನ ಮತ್ತ ಎಳದ ಹೋಗ್ರಿ. ಮ್ಯಾಲ ಆಡು ಅದಾವ, ಕೆಳಗ ಎಳಿ ಜೋಳ ಐತಿ."

ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿರಲಿಲ್ಲ. ಎಳೆ ಜೋಳ ತಿಂದರೆ ಆಡಿಗೆ ವಿಷ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು.

"ಕಡೀ ಗಾಡಿ ನಿಂದು, ಬಸವಂತಾ. ಮುಳ್ಳ ನಿನ್ನ ಕಡೆ," ಎಂದ ಮಹಾಂತೇಶ.

ದಾರಿ ಅಂದರೆ ಕಾಲುದಾರಿ. ಮಳೆ ಈ ವರ್ಷ ಚೆನ್ನಾಗಿ ಆದದ್ದರಿಂದ ಎರಡೂ ಬದಿಯ ಕಾರೆ, ಕವಳಿ ಕಂಟಿಗಳು ನಡುವೆ ಬಂದು ಕೂಡಿಕೊಂಡಿವೆ. ಹ್ಯಾಂಡಲ್ಲಿಗೆ ಕಂಟಿ ಸಿಕ್ಕಿ ಗಾಡಿ ತಾನೇ ಹೊರಳುತ್ತದೆ. ಹುಲ್ಲಿನ ಕೆಳಗೆ ಕಲ್ಲಿದೆಯೋ ಕುಣಿಯಿದೆಯೋ ಚಕ್ರ ಮುಟ್ಟುವ ತನಕ ತಿಳಿಯದು. ಎರಡೂ ಕಾಲು ಕೆಳಗಿಟ್ಟು, ಮೊದಲ ಗೇರಿನಲ್ಲಿ, ಮುಂದಿನವನ ಹಿಂದಿನ ದೀಪವನ್ನೇ ನೋಡುತ್ತ ಹೋಗಬೇಕು. ನಾನು ಮೂರು ಸಲ ಬಿದ್ದೆ. ಮೂರನೆಯ ಸಲ ಗಾಡಿ ನನ್ನ ಕಾಲ ಮೇಲಿತ್ತು. ಮುತ್ತುರಾಜ ಮೇಲಿನಿಂದ ಕೂಗಿದ, "ಏನ್ ಮಾಸ್ತರ, ನೆಲಾ ಅಳದ ಮುಗೀತೇನು?" ಅಂದಾನಪ್ಪ ಮಾತ್ರ ಇಳಿದು ಬಂದು ಗಾಡಿ ಎತ್ತಿಕೊಟ್ಟ.

ಸಂದಿ ಎರಡೂವರೆ ಅಡಿ ಅಗಲವಿರಬಹುದು. ಮಹಾಂತೇಶ ಮುಳ್ಳಿನ ಕಂಟಿಯನ್ನು ಬದಿಗೆ ಎಳೆದ. ಒಬ್ಬೊಬ್ಬರಾಗಿ ಹ್ಯಾಂಡಲ್ ಹೊರಳಿಸಿ ದಾಟಿಸಿದೆವು. ಆಚೆ ಬಟ್ಟಲಿನಂಥ ಹುಲ್ಲುಗಾವಲು. ಆಡುಗಳು ಮೇಯುತ್ತಿದ್ದವು. ದೂರದಲ್ಲಿ ಮರದ ಬುಡದಲ್ಲಿ ಕುಳಿತಿದ್ದ ಕಾಯುವವನು ಕೈ ಎತ್ತಿದ. ಗಂಟೆ ಹನ್ನೊಂದಾಗಿತ್ತು.

ಕಡೆಯವನಾಗಿ ಸಂದಿ ದಾಟಿದ ಮೇಲೆ ಗಾಡಿ ನಿಲ್ಲಿಸಿ, ಹಿಂದಕ್ಕೆ ನಡೆದು ಬಂದು ಮುಳ್ಳು ಎಳೆದು ಹಾಕಿದೆ. ಬಲಗೈ ಹೆಬ್ಬೆರಳಿಗೆ ಸ್ವಲ್ಪ ಚುಚ್ಚಿತು.

ಗುಡ್ಡದ ನೆತ್ತಿಯಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಅಲ್ಲಿ ಮಹಾಂತೇಶ ಮುಳ್ಳಿನ ಬಗ್ಗೆ ಕೇಳಿದ, ನಾನು ಹೆಬ್ಬೆರಳಿನ ಸಂಗತಿ ಹೇಳಿದೆ. ಆಚೆ ಬದಿಗೆ ಇಳಿದು ಬೇರೆ ದಾರಿಯಿಂದ ಮನೆಗೆ ಬಂದೆವು. ಇಳಿಯುವಾಗ ಒಮ್ಮೆಯೂ ಬೀಳಲಿಲ್ಲ. "ಮುಂದಿನ ಸಲಾನೂ ಬಾರಲೇ," ಎಂದ ಮುತ್ತುರಾಜ.

ಅಕ್ಟೋಬರ್ 12, ಬುಧವಾರ. ದಸರಾ.

ಸಂಜೆ ಅಂದಾನಪ್ಪ ಬನ್ನಿ ಕೊಡಲು ಮನೆಗೆ ಬಂದ. ಕೈಗೆ ಎಲೆ ಇಟ್ಟು, "ಬಂಗಾರ ತಗೋ, ಬಂಗಾರದಂಗ ಇರೂಣು" ಎಂದು ಅಪ್ಪಿಕೊಂಡ. ಹೋಳಿಗೆ ತಿನ್ನುತ್ತ ಹೇಳಿದ:

"ಸಕ್ರವ್ವನ ಒಂಬತ್ತ ಆಡು ಸತ್ತುವಪಾ. ನಾವು ಹೋದ ದಿನಾನ. ಮಧ್ಯಾಹ್ನದಾಗ ಜೋಳದ ಹೊಲಾ ಹೊಕ್ಕಾವು. ನಾ ಮರುದಿನಾ ದವಾಖಾನಿಗೆ ಹೋದಾಗ ಗೊತ್ತಾತು. ಹೊಟ್ಟಿ ಉಬ್ಬಿ ಸಾಲಕ ಬಿದ್ದಿದ್ದುವಂತ."

ನಾನು ಹೇಗೆ ಎಂದು ಕೇಳಿದೆ.

"ಸಂದಿ ತೆರದಿತ್ತಂತ. ಮದಲ ನಮ್ಮ ಮ್ಯಾಲ ಬಂದಿತ್ತು. ನಾ ಹೇಳಿದೆ, ಕಡೀಕ ಇದ್ದಾಂವ ನಮ್ಮ ಬಸವಂತ. ಕಾಲ ಇಂಚು ಹೆಚ್ಚ ಬರಿಯಾಂವಲ್ಲ, ಕಾಲ ಇಂಚು ಕಡಿಮಿ ಬರಿಯಾಂವಲ್ಲ. ಅಂವ ಹಾಕೇನಿ ಅಂದ್ರ ಹಾಕ್ಯಾನ. ನನ್ನ ಮಾತಿಗೆ ಎಲ್ಲಾರೂ ಹೂಂ ಅಂದ್ರು."

"ಮತ್ತ?"

"ಮತ್ತೇನು. ಕಾಯೋ ದುರ್ಗಪ್ಪನ ಮ್ಯಾಲ ಹೋತು. ಅಂವ ದಿನಾ ಮಧ್ಯಾಹ್ನ ಸಂದಿ ದಾಟಿ ಕೆಳಗಿನ ಒರತಿಗೆ ನೀರಿಗೆ ಹೋಗ್ತಾನ. ಬರುವಾಗ ಮರತಾನ ಅಂತ. ಮುದುಕ, ಪಾಪ. ಇನ್ನೊಂದ ಹೋಳಿಗಿ ಹಾಕವಾ ಮಹಾನಂದಾ."

ಬನ್ನಿ ಎಲೆಗಳನ್ನು ಈ ಪುಟದಲ್ಲಿ ಇಟ್ಟಿದ್ದೇನೆ.

ಅಕ್ಟೋಬರ್ 14.

ಗ್ಯಾರೇಜಿನಲ್ಲಿ ಮುತ್ತುರಾಜ ಸುಮ್ಮನೆ, ನಗುತ್ತಲೇ ಕೇಳಿದ, "ಲೇ, ನೀ ಮುಳ್ಳ ಹಾಕಿದ್ದೀ ಹೌದಲ್ಲೋ?" ನಾನು ಎರಡೂ ಭುಜ ಮೇಲೆತ್ತಿದೆ. ಅವನಿಗೆ ಅದರ ಅರ್ಥವಾಗಲಿಲ್ಲ. "ಯಾಕಲೇ, ಮೈ ನೋವಿನ್ನೂ ಹೋಗಿಲ್ಲೇನು?" ಎಂದ.

ಅಕ್ಟೋಬರ್ 16, ಭಾನುವಾರ.

ಅಂದಾನಪ್ಪ ಉಳಿದ ಆಡುಗಳನ್ನು ನೋಡಿ ಬರಲು ಹೊರಟಿದ್ದ, ನನ್ನನ್ನೂ ಕರೆದ. ಬರುವುದಿಲ್ಲ ಎನ್ನಲು ನನ್ನ ಬಳಿ ಕಾರಣವಿತ್ತು, ಹೇಳುವಂಥ ಕಾರಣವಿರಲಿಲ್ಲ. ಅವನ ಬುಲೆಟ್ಟಿನ ಹಿಂದೆ ಕುಳಿತು ಹೋದೆ.

ಹೊಲದ ಅಂಚಿನಲ್ಲಿ ಹುಗಿದ ಜಾಗದ ಮೇಲೆ ನಾಯಿ ಕೆದರದಂತೆ ಕಲ್ಲು ಹೇರಿದ್ದಾರೆ. ಸಕ್ರವ್ವ ನನ್ನನ್ನು ನೋಡಿ, "ಇವರೇನು ಆ ಅಳತಿ ಸಾಹೇಬ್ರು? ಅಂದಾನಪ್ಪ ನಿಮ್ಮನ್ನ ಭಾಳ ಹೊಗಳ್ತಾನ್ರಿ" ಎಂದು ಕಂಬಳಿ ಹಾಸಿದಳು. ದುರ್ಗಪ್ಪ ಕಟ್ಟೆಯ ಕೆಳಗೆ ಕುಳಿತಿದ್ದ. ಅರವತ್ತು ದಾಟಿರಬೇಕು. ಅವನ ಹೆಂಡತಿ ಚಂದವ್ವ ನಮ್ಮ ಕಡೆ ಬೆನ್ನು ಮಾಡಿ ಜೋಳ ಹಸನು ಮಾಡುತ್ತಿದ್ದಳು.

ಸಕ್ರವ್ವ ಕೆಟ್ಟವಳಲ್ಲ. ಅವಳು ಅವನನ್ನು ಬಯ್ಯಲೂ ಇಲ್ಲ. "ನಾ ಹೇಳಿ ಹೇಳಿ ಸಾಕಾತು, ಅಂದಾನಪ್ಪ," ಎಂದಳು. "ದ್ಯಾಮವ್ವನ ಅರಿಷಿಣ ಭಂಡಾರ ಮುಟ್ಟಿ 'ಸಂದಿ ನಾ ತೆರದಿಟ್ಟಿಲ್ಲ' ಅಂತ ಒಂದ ಮಾತ ಹೇಳ್ಬಿಡ ಅಂತೀನಿ. ಅಲ್ಲಿಗೆ ಮುಗೀತು, ನಾ ನಂಬ್ತೀನಿ, ಊರೂ ನಂಬ್ತೈತಿ. ಇಂವ ಮುಟ್ಟವಲ್ಲ."

"ಯಾಕ ಕಾಕಾ?" ಎಂದ ಅಂದಾನಪ್ಪ.

"ನೆಪ್ಪಿಲ್ಲದ್ದಕ್ಕ ಹೆಂಗ ಮುಟ್ಟಲಿ, ತಮ್ಮಾ?" ದುರ್ಗಪ್ಪ ನೆಲ ನೋಡುತ್ತ ನಿಧಾನಕ್ಕೆ ಹೇಳಿದ. "ಇಪ್ಪತ್ತೆರಡ ವರ್ಷ ಆತು, ದಿನಾ ನೀರಿಗೆ ಹೋಗ್ತೀನಿ, ದಿನಾ ಮುಳ್ಳ ಹಾಕ್ತೀನಿ. ಎಲ್ಲಾ ದಿನಾ ಒಂದ ಥರಾ ಅದಾವ. ಆ ಐತವಾರ ನೀರಿಗೆ ಹೋಗಿದ್ನೋ, ಹೋಗೂಕಿಂತ ಮದಲ ಕಣ್ಣ ಹತ್ತಿತ್ತೋ, ಹೆಂಗ ಆರಸ್ಲಿ? ಹಾಕಿರ್ತೀನಿ ಅನಸ್ತೈತಿ. ಅನಸೂದಕ್ಕ ಭಂಡಾರ ಮುಟ್ಟಾಕ ಬರೂದಿಲ್ಲ."

"ಕೇಳಿದ್ರ್ಯಾ?" ಎಂದಳು ಸಕ್ರವ್ವ. "ಆಣಿ ಮಾಡದಾಂವನ ಕೈಯಾಗ ಊರ ಆಡು ಯಾರ ಬಿಡ್ತಾರು? ನನ್ನೂವಷ್ಟ ಅಲ್ಲಲಾ, ನಾಕ ಮನಿವು ಅದಾವ."

ದೀಪಾವಳಿ ಅಮಾವಾಸ್ಯೆಯ ದಿನ ದ್ಯಾಮವ್ವನ ಗುಡಿಯ ಮುಂದೆ ಅವನು ಆಡು ಕಾಯುವ ಕೋಲನ್ನು ಊರವರಿಗೆ ಕೊಟ್ಟು ಕೆಲಸ ಬಿಡಬೇಕು. ಆಮೇಲೆ ಗಂಡ ಹೆಂಡತಿ ಇಬ್ಬರೂ ಗೋವಾಕ್ಕೆ, ತಂಗಿಯ ಮಗ ದುಡಿಯುವ ಕಟ್ಟಡದ ಕೆಲಸಕ್ಕೆ.

ಚಂದವ್ವ ತಿರುಗದೆಯೇ ಹೇಳಿದಳು, "ಈ ವಯಸ್ಸಿನಾಗ ಬುಟ್ಟಿ ಹೊರಾಕ."

ಹೊರಡುವಾಗ ಅಂದಾನಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟು ಸಕ್ರವ್ವನಿಗೆ, "ನಮ್ಮ ಕಡಿಂದ ತಪ್ಪಾಗಿದ್ರ ನಾವು ಹೇಳ್ತಿದ್ವಿ, ಯಕ್ಕಾ" ಎಂದ. ಅವನ ಕೈ ನನ್ನ ಹೆಗಲ ಮೇಲೆ ಬುಲೆಟ್ಟಿನ ತನಕ ಇತ್ತು.

ಅಕ್ಟೋಬರ್ 17.

ಪುಟ 112.

ಅಕ್ಟೋಬರ್ 19, ಬುಧವಾರ.

ಹತ್ತು ದಿನದ ಹಿಂದಿನ ಪುಟ ಓದಿದೆ. ಅದರಲ್ಲಿ ಬರೆದದ್ದು ಸುಳ್ಳು. ನಾನು ಮುಳ್ಳು ಹಾಕಲಿಲ್ಲ. ಹೆಬ್ಬೆರಳಿಗೆ ಏನೂ ಚುಚ್ಚಲಿಲ್ಲ.

ನಡೆದದ್ದು ಇಷ್ಟು. ಸಂದಿ ದಾಟಿದ ಮೇಲೆ ಏರು ಇತ್ತು. ಏರಿನಲ್ಲಿ ಗಾಡಿ ನಿಲ್ಲಿಸಿದರೆ ಆರಿಹೋಗುತ್ತದೆ, ಆರಿದರೆ ಹತ್ತು ಕಿಕ್ ಬೇಕು. ಉಳಿದ ಮೂವರು ತಿರುವಿನ ಹತ್ತಿರ ಹೋಗಿದ್ದರು. ನಾನು ಒಂದು ಕಾಲೂರಿ, ಆಕ್ಸಿಲರೇಟರ್ ಹಿಡಿದುಕೊಂಡೇ ಹಿಂದೆ ನೋಡಿದೆ. ಕಂಟಿ ಬದಿಯಲ್ಲಿ ಬಿದ್ದಿತ್ತು. ಇಳಿದು ಹೋದರೆ ಹನ್ನೊಂದು ಹೆಜ್ಜೆ. ಕಣ್ಣಿನಿಂದ ಅಳೆದದ್ದು, ಆದರೆ ನನ್ನ ಅಳತೆ ತಪ್ಪುವುದಿಲ್ಲ. "ಬಿತ್ತೇನಲೇ ಮತ್ತ?" ಎಂದು ಮುತ್ತುರಾಜ ಮೇಲಿನಿಂದ ಕೂಗಿದ. "ಇಲ್ಲ, ಬಂದೆ," ಎಂದೆ. ಹೋದೆ.

ಮಹಾಂತೇಶನಿಗೆ ಸುಳ್ಳು ಹೇಳಿದ್ದು ನನಗೆ ಅರ್ಥವಾಗುತ್ತದೆ. ಯಾರೂ ಓದದ ಈ ಪುಸ್ತಕದಲ್ಲಿ ಏಕೆ ಬರೆದೆ? ಅದೂ ಹೆಬ್ಬೆರಳು ಸೇರಿಸಿ.

ಅನುವಾದದ ಕಾದಂಬರಿಗಳಲ್ಲಿ ತಪ್ಪು ಮಾಡಿದವನು ಹಿಮದಲ್ಲಿ ನಿಂತು ಎರಡು ಪುಟ ಮಾತಾಡುತ್ತಾನೆ, ಕೇಳುವವರು ಅಡ್ಡ ಬಾರದೆ ಕೇಳುತ್ತಾರೆ. ನಮ್ಮಲ್ಲಿ ಎರಡನೇ ವಾಕ್ಯಕ್ಕೇ ಯಾರಾದರೂ ಚಹಾ ತರುತ್ತಾರೆ.

ಅಕ್ಟೋಬರ್ 22.

ಇವತ್ತು ಒಂದು ಹಲಗೆಯ ಅಳತೆ ತಪ್ಪಿದೆ. ಒಂಬತ್ತು ವರ್ಷದಲ್ಲಿ ಇದೇ ಮೊದಲು. ಕಲ್ಲು ತೊಳೆಯುವ ಶಮಶಾದಬಿ ನನ್ನ ಸೀಮೆಸುಣ್ಣದ ಬರಹ ನೋಡಿ, "ಸಾಹೇಬ್ರ, ಇದು ಏಳ ಫೂಟ್ ಎಲ್ಲಿ ಐತ್ರಿ? ಇದರ ಮ್ಯಾಲ ನಾ ಮಲಗಿದ್ರ ಕಾಲ ಹೊರಗ ಬರ್ತಾವ" ಎಂದಳು. ಎಲ್ಲರೂ ನಕ್ಕರು. ಅಳೆದೆ. ಐದು ಅಡಿ. ಒರೆಸಿ ಬರೆದೆ. ಸೀಮೆಸುಣ್ಣವಾದರೆ ನೀರು ಹಾಕಿದರೆ ಹೋಗುತ್ತದೆ.

ಮನೆಯಲ್ಲಿ ಮಹಾನಂದಾ, "ಗಾಡಿಂದ ಬಿದ್ದಾಗ ತಲಿಗೇನರ ಪೆಟ್ಟ ಬಿದ್ದೈತೇನ್ರಿ? ಮೂರ ಸಲ ಕೇಳೀನಿ, ಪಲ್ಯಾಕ ಉಪ್ಪ ಐತೋ ಇಲ್ಲೋ?" ಎಂದಳು. ಇದೆ ಎಂದೆ. ಆಮೇಲೆ ಅವಳು ಉಂಡಾಗ ತಿಳಿಯಿತು, ಇರಲಿಲ್ಲ.

ಅಕ್ಟೋಬರ್ 26, ಬುಧವಾರ.

ದುರ್ಗಪ್ಪ ಕಾರ್ಖಾನೆಗೆ ಬಂದಿದ್ದ.

ಗೋವಾಕ್ಕೆ ಹೋಗುವ ಬದಲು ಇಲ್ಲೇ ಏನಾದರೂ ಕೆಲಸ ಸಿಕ್ಕೀತೇ ಎಂದು ಅಂದಾನಪ್ಪನೇ ಕಳಿಸಿದ್ದನಂತೆ. ಬಸವಂತ ಒಳ್ಳೆ ಮನಷ್ಯಾ, ಕೇಳಿ ನೋಡು ಎಂದು. ಮುದುಕ ಚಪ್ಪಲಿಗಳನ್ನು ಗೇಟಿನ ಹೊರಗೇ ಬಿಟ್ಟು ಬಂದಿದ್ದ. ಕಾರ್ಖಾನೆಯ ನೆಲದ ಮೇಲೆ ಕಲ್ಲಿನ ಕೆಸರು. ಅದರಲ್ಲಿ ಬರಿಗಾಲಲ್ಲಿ ನಿಂತಿದ್ದ. ಮಾಲಕರ ಹತ್ತಿರ ಕಾವಲಿನ ಕೆಲಸ ಕೇಳಿದೆ, ಇಲ್ಲ ಎಂದರು. ಅವನಿಗೆ ಅದನ್ನು ಹೇಳಿ ಚಹಾ ತರಿಸಿದೆ.

ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಅವನು ಕೇಳಿದ, "ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಒಂದ ಮಾತ ಕೇಳ್ತೀನಿ. ಅವತ್ತ ನೀವು ಮುಳ್ಳ ಹಾಕಿದ್ದು ನಿಮಗ ಛಲೋ ನೆಪ್ಪೈತೇನ್ರಿ?"

ಅವನ ಮುಖದಲ್ಲಿ ಸಂಶಯವಿರಲಿಲ್ಲ. ನನ್ನನ್ನು ಹಿಡಿಯಲು ಕೇಳಿದ್ದಲ್ಲ. ನನಗೆ ಗೊತ್ತಿರುವುದು ತನಗೂ ಗೊತ್ತಾದರೆ ಸಾಕು ಎಂಬಂತೆ ಕೇಳಿದ. ಯಂತ್ರಗಳ ಸದ್ದಿತ್ತು. ಕೇಳಿಸಲಿಲ್ಲ ಎನ್ನಬಹುದಿತ್ತು.

"ನೆಪ್ಪೈತಿ," ಎಂದೆ.

"ಹಂಗಂದ್ರ ನಂದಽ ತಪ್ಪು," ಎಂದ ಅವನು. ದನಿಯಲ್ಲಿ ಒಂದು ಬಗೆಯ ಸಮಾಧಾನವಿತ್ತು. "ಗೊತ್ತಾತಲ್ರಿ, ಇನ್ನ ಛಲೋ ಆತು. ಹದಿನೈದ ದಿನಾ ಆತು, ನಿದ್ದಿ ಇಲ್ಲ. ಹಾಕಿದ್ನೋ ಇಲ್ಲೋ, ಹಾಕಿದ್ನೋ ಇಲ್ಲೋ. ನೀವು ಪುಣ್ಯವಂತ್ರು ನೋಡ್ರಿ, ನಿಮಗ ಎಲ್ಲಾ ನೆಪ್ಪ ಉಳಿತೈತಿ."

ಚಹಾದ ಕಪ್ಪು-ಬಸಿ ತಾನೇ ತೊಳೆದಿಟ್ಟು ಹೋದ.

ಅಕ್ಟೋಬರ್ 27.

ಹತ್ತೊಂಬತ್ತನೆಯ ತಾರೀಖಿನ ಪುಟದಲ್ಲೂ ಎಲ್ಲವನ್ನೂ ಬರೆದಿಲ್ಲ.

ತಿರುವಿನ ಹತ್ತಿರ ಹೋದಾಗ ಇನ್ನೊಮ್ಮೆ ಹಿಂದೆ ನೋಡಿದ್ದೆ. ಸಂದಿಯಲ್ಲಿ ಒಂದು ಆಡು ನಿಂತಿತ್ತು. ಬಿಳಿ ಮೈ, ಎಡಗಿವಿ ಕಪ್ಪು. ಮುಂಗಾಲು ಎರಡೂ ಆಚೆ ಇಟ್ಟು, ತಲೆ ಕೆಳಗಿನ ಹೊಲದ ಕಡೆ ಮಾಡಿತ್ತು. ಅದರ ಹಿಂದೆ ಇನ್ನೆರಡು. ನಾನು ಹಾರ್ನ್ ಒತ್ತಿದೆ, ಅದು ಕದಲಲಿಲ್ಲ. ಮರದ ಬುಡದಲ್ಲಿ ದುರ್ಗಪ್ಪ ಕೂತಲ್ಲೇ ಇದ್ದ. ಅವನನ್ನು ಕೂಗಬಹುದಿತ್ತು. ಕೂಗಿದರೆ ಮುಂದಿನವರು ತಿರುಗಿ ನೋಡುತ್ತಿದ್ದರು, ಮುಳ್ಳು ಹಾಕಿಲ್ಲ ಎಂದು ತಿಳಿಯುತ್ತಿತ್ತು, ಮುತ್ತುರಾಜ ಏನಾದರೊಂದು ಅನ್ನುತ್ತಿದ್ದ.

ಏನನ್ನುತ್ತಿದ್ದ? ಆ ಒಂದು ಮಾತಿಗೆ ಹೆದರಿ ಇಷ್ಟೆಲ್ಲ.

ಹುಗಿಯುವ ಮೊದಲು ಅಂದಾನಪ್ಪ ಸತ್ತ ಆಡುಗಳ ವಿವರ ಬರೆದುಕೊಂಡಿದ್ದನಂತೆ. ಎಡಗಿವಿ ಕಪ್ಪಿನದು ಇತ್ತೇ ಎಂದು ಮೊನ್ನೆ ಕೇಳಿದೆ. ಇತ್ತಂತೆ, ಗಬ್ಬ ಆಗಿತ್ತಂತೆ. "ನಿನಗ ಹೆಂಗ ಗೊತ್ತಲೇ ಅದರ ಕಿವಿ?" ಎಂದು ಅವನು ಕೇಳಲಿಲ್ಲ. ಕೇಳುತ್ತಾನೆಂದು ನಾನು ಕಾದಿದ್ದೆ.

ಅಕ್ಟೋಬರ್ 30, ಭಾನುವಾರ.

ಮಹಾಂತೇಶ ಹುನಗುಂದದ ಕಡೆ ಇನ್ನೊಂದು ಗುಡ್ಡಕ್ಕೆ ಕರೆದ. ಹೋಗಲಿಲ್ಲ. ಗಾಡಿ ಕೆಟ್ಟಿದೆ ಎಂದೆ. ಅವನು ತಾನೇ ಬಂದು ನೋಡಿ, "ಏನೂ ಆಗಿಲ್ಲಲೇ ಇದಕ್ಕ" ಎಂದ. ಹೌದು ಎಂದೆ. ಅವನು ನನ್ನ ಮುಖ ನೋಡಿದ. "ಮತ್ತ ಏನಾಗೈತಿ?" ಎಂದು ಕೇಳಿ ಹೋದ.

ಅಕ್ಟೋಬರ್ 31, ಸೋಮವಾರ.

ಕಾದಂಬರಿಯನ್ನು ಗ್ರಂಥಾಲಯಕ್ಕೆ ವಾಪಸು ಕೊಟ್ಟೆ. ಮುಗಿಸಿಲ್ಲ. "ಛಲೋ ಇಲ್ಲೇನ್ರಿ?" ಎಂದು ಅಲ್ಲಿನವರು ಕೇಳಿದರು. ಪುಸ್ತಕ ಚೆನ್ನಾಗಿದೆ, ನನಗೇ ಆಗಲಿಲ್ಲ ಎಂದೆ.

ನಾಳೆ ಅಮಾವಾಸ್ಯೆ. ಹತ್ತು ಗಂಟೆಗೆ ಗುಡಿಯ ಮುಂದೆ ದುರ್ಗಪ್ಪ ಕೋಲು ಕೊಡುತ್ತಾನೆ. ನಾನು ಹೋಗುತ್ತೇನೆ.

ಮೊದಲು ಅಂದಾನಪ್ಪನಿಗೆ ಹೇಳಬೇಕು, ಉಳಿದವರ ಮುಂದೆ ಅವನು ಅದನ್ನು ಮೊದಲ ಸಲ ಕೇಳುವಂತಾಗಬಾರದು. ಅವನು ಹಬ್ಬಕ್ಕೆ ಮನೆಗೆ ಬಂದಿಲ್ಲ, ದವಾಖಾನೆಯ ಕೋಣೆಯಲ್ಲೇ ಇದ್ದಾನೆ. ಬಸ್ಸಿಳಿದು ನೇರ ಅಲ್ಲಿಗೆ. ಅವನು ಏನು ಅನ್ನುತ್ತಾನೋ ಗೊತ್ತಿಲ್ಲ. ಅವನ ಕೈ ನನ್ನ ಹೆಗಲ ಮೇಲೆ ಇದ್ದದ್ದು ನೆನಪಿದೆ.

ಗುಡಿಯಲ್ಲಿ ಏನು ಹೇಳಬೇಕೆಂದು ಬರೆದು ನೋಡಿದೆ. ಒಂದು ಪುಟವಾಯಿತು. ಮುತ್ತುರಾಜ ಕೂಗಿದ್ದು, ಏರು, ಆರುವ ಗಾಡಿ ಎಲ್ಲಾ ಅದರಲ್ಲಿ ಬಂದಿತ್ತು. ಹರಿದುಹಾಕಿದೆ. ಭಂಡಾರ ಮುಟ್ಟಿ ಇಷ್ಟೇ ಹೇಳಬೇಕು: "ಮುಳ್ಳ ನಾ ಹಾಕಿದ್ದಿಲ್ಲರಿ. ಆಡು ಸಂದ್ಯಾಗ ಬಂದದ್ದ ನೋಡಿದ್ದೆ. ನೋಡಿ ಹ್ವಾದೆ. ದುರ್ಗಪ್ಪಂದು ತಪ್ಪಿಲ್ಲ."

ಮಹಾನಂದಾಗೆ ಈಗಷ್ಟೇ ಹೇಳಿದೆ. ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಕೈ ನಿಲ್ಲಿಸಿದಳು. "ಆ ಮುದುಕಾ ಬಂದಿದ್ದಾಗ್ಲೂ ಹೇಳ್ಲಿಲ್ಲೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ಮತ್ತೆ ಬತ್ತಿ ಹೊಸೆಯತೊಡಗಿದಳು. ನನ್ನ ಕಡೆ ನೋಡದೆ ಕೇಳಿದಳು: "ಬುತ್ತಿ ಎಷ್ಟ ಗಂಟೆಕ್ಕ ಕಟ್ಟಲಿ?"

ಮೊದಲ ಬಸ್ಸು ಐದೂ ಮುಕ್ಕಾಲಿಗೆ. ಗಾಡಿ ಒಯ್ಯುವುದಿಲ್ಲ. ಎಲ್ಲ ಮುಗಿದ ಮೇಲೆ ದುರ್ಗಪ್ಪ ಒಪ್ಪಿದರೆ ಅವನ ಜೊತೆ, ಒಪ್ಪದಿದ್ದರೆ ಒಬ್ಬನೇ, ನಡೆದು ಗುಡ್ಡ ಹತ್ತಬೇಕೆಂದಿದ್ದೇನೆ. ಸಂದಿ ದಾಟಿದ ಕೂಡಲೇ ತಿರುಗಿ ನಿಂತು ಮುಳ್ಳು ಎಳೆದು ಹಾಕಬೇಕು.